ಕೊನೆಯ ಕಾಲಾಳು

ಸೋಮವಾರ ಬೆಳಗ್ಗೆ ದಂಡಿನ ಲಾರಿ ತಾಯಲೂರಿಗೆ ಬರುವುದಿತ್ತು. ಅದು ನಲವತ್ತೆರಡರ ಬೇಸಿಗೆ. ಸಿಂಗಪುರಕ್ಕೆ ಹೋದ ಆದಿಲಕ್ಷ್ಮಿಯ ಅಣ್ಣನ ಸುದ್ದಿಯೇ ನಿಂತುಹೋಗಿತ್ತು. ಈಗ ಅವಳ ಗಂಡ ಕದಿರಪ್ಪನೂ ದಂಡಿಗೆ ರುಜು ಹಾಕಿಬಿಟ್ಟಿದ್ದ.

ಉಳಿದದ್ದು ಒಂದೇ ದಾರಿ. ಮುಳಬಾಗಿಲಿನ ಜೋಡಿದಾರ್ ಅಪ್ಪಾಜಪ್ಪನವರ ಚದುರಂಗದ ಪಂದ್ಯದಲ್ಲಿ ಕದಿರಪ್ಪ ಗೆದ್ದರೆ, ಅವನನ್ನು ಗುಮಾಸ್ತನಾಗಿ ಇಟ್ಟುಕೊಂಡು ದಂಡಿನಿಂದ ಬಿಡಿಸುವುದಾಗಿ ಅವರು ಮಾತು ಕೊಟ್ಟಿದ್ದರು.

ಕೊನೆಯ ಆಟದ ಎದುರಾಳಿ ಅತ್ತರು ವ್ಯಾಪಾರಿ ಓಬೇದುಲ್ಲಾ, ಕದಿರಪ್ಪನ ಬಾಲ್ಯದ ಗೆಳೆಯ. ಇಬ್ಬರಲ್ಲಿ ಯಾರು ಮೇಲೆಂದು ಊರಿಗೆ ಅದುವರೆಗೂ ತಿಳಿದಿರಲಿಲ್ಲ. ಆನೆಗೆ ಆನೆ, ಕುದುರೆಗೆ ಕುದುರೆ ಬಿದ್ದವು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕದಿರಪ್ಪನ ಬಳಿ ರಾಜನೂ ಒಂದು ಆನೆಯೂ ಇದ್ದವು. ಓಬೇದುಲ್ಲಾನ ಬಳಿ ರಾಜ, ಒಬ್ಬ ಕಾಲಾಳು. ಗೆಲುವು ಕಣ್ಣೆದುರಿಗಿತ್ತು.

ಓಬೇದುಲ್ಲಾ ಬಹಳ ಹೊತ್ತು ಯೋಚಿಸಿ ಕಾಲಾಳನ್ನು ಆನೆಯ ದಾರಿಗೇ ಅಡ್ಡ ತಳ್ಳಿದ.

ಅಲ್ಲಿ ಆಡುತ್ತಿದ್ದ ನಾಡಿನ ಆಟದಲ್ಲಿ ಎದುರಾಳಿಯ ಕೊನೆಯ ಕಾಯನ್ನು ಹೊಡೆಯಬಾರದು. ರಾಜ ಒಂಟಿಯಾದ ಕೂಡಲೇ ಆಟ ಸಮ. ಅದು ಕದಿರಪ್ಪನಿಗೆ ತಿಳಿಯದ್ದಲ್ಲ. ಆದರೆ ಪಂದ್ಯಕ್ಕೆಂದು ಅವನು ಕೈ ಪಳಗಿಸಿದ್ದು ಬೌರಿಂಗ್‌ಪೇಟೆಯ ರೈಲ್ವೆ ನೌಕರರೊಡನೆ. ಅವರದು ಇಂಗ್ಲಿಷ್ ಆಟ. ಅಲ್ಲಿ ಒಂಟಿ ರಾಜನನ್ನೂ ಅಟ್ಟಿ ಹಿಡಿಯಬಹುದಿತ್ತು.

ಕೈ ಮುಂದೆ ಹೋಯಿತು. ಆನೆ ಕಾಲಾಳನ್ನು ಹೊಡೆಯಿತು.

ಮೊದಲು ಬಿಳುಚಿಕೊಂಡವನು ಓಬೇದುಲ್ಲಾ.

"ಲೇ ಕದಿರಾ, ಯಾಕ್ಲಾ ಹೊಡ್ದೆ? ನೀನು ಹೊಡೆಯೊಲ್ಲ ಅಂತಾನೇ ಇಟ್ಟಿದ್ದು ಕಣೋ."

ಕದಿರಪ್ಪ ಇನ್ನೊಂದು ಆಟಕ್ಕೆ ಅಂಗಲಾಚಿದ. ಓಬೇದುಲ್ಲಾ ತಾನು ಸೋತೆನೆಂದೇ ಬರೆದುಕೊಳ್ಳಿ ಎಂದ. ಅಪ್ಪಾಜಪ್ಪನವರು ಎಲೆಅಡಿಕೆ ಜಗಿಯುತ್ತಲೇ ಆಗದೆಂದು ತಲೆಯಾಡಿಸಿದರು.

"ಸಮ ಅಂದ್ರೆ ಸಮ. ಗೆದ್ದೋನಿಗೆ ಕೆಲ್ಸ ಅಂದಿದ್ದೆ. ಯಾರು ಗೆದ್ರಪ್ಪಾ? ಬರೋ ವರ್ಷ ಆಡೋಣ."

ಕದಿರಪ್ಪ ತಾಯಲೂರು ತಲುಪಿದಾಗ ಆದಿಲಕ್ಷ್ಮಿ ಬೀದಿಯ ಬಾಗಿಲಲ್ಲೇ ನಿಂತಿದ್ದಳು.

"ಸೋತ್ರಾ?" ಎಂದು ಕೇಳಿದಳು. ಗೆದ್ದಿರೋ ಎಂದು ಕೇಳುವ ಧೈರ್ಯ ಅವಳಿಗಿರಲಿಲ್ಲ.

"ಸೋತಿಲ್ಲ ಕಣೇ."

ಆಟ ಸಮವಾಯಿತೆಂದು ಹೇಳಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಅತ್ತೆಗೆ ಹೇಳಲು ಹಿತ್ತಿಲಿಗೆ ಓಡಿದ್ದಳು. ಗೋಡೆಯಾಚೆಯಿಂದ ಅವನ ತಾಯಿ ಗಟ್ಟಿಯಾಗಿ ದೇವರನ್ನು ನೆನೆಯುವುದು ಕೇಳಿಸಿತು. ಆಮೇಲೆ, ಎಷ್ಟೋ ದಿನಗಳಿಂದ ಕೇಳದಿದ್ದ ಹೆಂಡತಿಯ ನಗು.

ಅಂದು ಭಾನುವಾರ. ಕದಿರಪ್ಪ ಹೊಸ್ತಿಲ ಮೇಲೆ ಕುಳಿತ.