ಆನೆಯ ಬೈಕು ಸ್ಟಾರ್ಟ್ ಆದ ಬಗೆ

ಆಳು ನೋಡಿದರೆ ಆನೆ, ಹಾಗಾಗಿ ಎಲ್ಲರೂ ಕರೆಯುತ್ತಿದ್ದದ್ದೂ ಆನೆ ಅಂತಲೇ. ಬೈಕು ಹತ್ತಿ ಕೂತನೆಂದರೆ ಮಣ್ಣಿನ ದಿಬ್ಬಗಳನ್ನು ಲೀಲಾಜಾಲವಾಗಿ ಹಾರಿಸಿಕೊಂಡು ಬರುತ್ತಿದ್ದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾರುವ ಮುಂಚೆ ಬೈಕು ಸ್ಟಾರ್ಟ್ ಆಗಬೇಕಲ್ಲ? ತಕರಾರು ಇದ್ದದ್ದೇ ಅಲ್ಲಿ. ಅವನದು ಫೋರ್ ಸ್ಟ್ರೋಕ್ ಡರ್ಟ್ ಬೈಕು. ಸೆಲ್ಫ್ ಸ್ಟಾರ್ಟ್ ಇಲ್ಲ, ಕಿಕ್ಕೇ ಗತಿ. ಇಂಜಿನ್ ಬಿಸಿಯಾಗಿದ್ದಾಗ ಹೇಳಿದ ಮಾತು ಕೇಳುತ್ತಿತ್ತು. ತಣ್ಣಗಿದ್ದಾಗ ಮಾತ್ರ ಆನೆ ಜಪ್ಪಯ್ಯ ಎಂದರೂ ಜಗ್ಗುತ್ತಿರಲಿಲ್ಲ.

ದಿನಾ ಬೆಳಿಗ್ಗೆ ಅದನ್ನು ಸ್ಟಾರ್ಟ್ ಮಾಡಿಕೊಡುತ್ತಿದ್ದವಳು ಅವನ ಅಕ್ಕ. ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವ, ಕಡ್ಡಿಯಂಥ ಹೆಂಗಸು. ಅಪ್ಪನಿಗೆ ಗ್ಯಾರೇಜ್ ಇದ್ದ ಕಾಲದಲ್ಲಿ ಪಕ್ಕದಲ್ಲಿ ಕೂತು ಸ್ಪ್ಯಾನರ್ ಕೊಡುತ್ತಾ ಕಲಿತದ್ದು. ಹಿತ್ತಿಲ ಗೋಡೆಯ ಮರೆಯಲ್ಲಿ ಅವಳು ಕಿಕ್ಕರ್ ಮೇಲೆ ಕಾಲಿಡುವ ಹೊತ್ತಿಗೆ ಆನೆ ಬೆನ್ನು ತಿರುಗಿಸಿ ಹಲ್ಲುಜ್ಜುತ್ತಿದ್ದ.

"ಒಂದ್ಸಲ ಈ ಕಡೆ ನೋಡೋ, ಕಲಿತ್ಕೋ" ಎಂದು ಅವಳು.

"ನಂಗೆ ಲೇಟಾಯ್ತಕ್ಕ" ಎಂದು ಅವನು. ಲೇಟೂ ಇಲ್ಲ, ಗೀಟೂ ಇಲ್ಲ. ನೋಡಲು ನಾಚಿಕೆ, ಅಷ್ಟೆ.

ಹೀಗಿರುವಾಗ ಊರಾಚೆಯ ಬೈಕ್ ತರಬೇತಿ ಶಾಲೆಯಲ್ಲಿ ತರಬೇತುದಾರನ ಕೆಲಸ ಖಾಲಿಯಾಯಿತು. ಬೇರೆಯವರ ಗೋದಾಮಿನಲ್ಲಿ ಮೂಟೆ ಎತ್ತಿ ಬೇಸತ್ತಿದ್ದ ಆನೆಗೆ ಬೇಕೆಂದರೆ ಅದೇ ಕೆಲಸ ಬೇಕಿತ್ತು. ಮಾಲೀಕರು ಹಳೇ ರೇಸಿನವರು, ಒಂದು ಕಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದರು. "ಸ್ವಂತ ಬೈಕ್ ತಗೊಂಡು ಬನ್ನಿ, ಹೊಸಬರಿಗೆ ಒಂದು ಪಾಠ ಮಾಡಿ ತೋರ್ಸಿ. ನೋಡಿ ಹೇಳ್ತೀನಿ" ಎಂದಿದ್ದರು.

ಅಕ್ಕ ಸ್ಟಾರ್ಟ್ ಮಾಡಿಕೊಟ್ಟ ಬೈಕಿನಲ್ಲಿ ಆನೆ ಠೀವಿಯಿಂದ ಮೈದಾನಕ್ಕೆ ಬಂದಿಳಿದ. ಕಲಿಯಲು ಬಂದವರು ಹೊಳೆಯುವ ಹೆಲ್ಮೆಟ್ಟು, ಹೊಸ ಬೂಟು ಹಾಕಿಕೊಂಡು ಸಾಲಾಗಿ ನಿಂತಿದ್ದರು. ಮಾಲೀಕರು ಬಂದು ಇಂಜಿನ್ ಹತ್ತಿರ ಅಂಗೈ ಹಿಡಿದು ನೋಡಿದರು.

"ಇದನ್ನ ಆಫ್ ಮಾಡಿ. ಪೂರ್ತಿ ಆರಲಿ. ನಮ್ಮಲ್ಲಿ ಮೊದಲನೇ ಪಾಠ ಯಾವಾಗಲೂ ತಣ್ಣಗಿರೋ ಬೈಕ್ ಸ್ಟಾರ್ಟ್ ಮಾಡೋದು. ಅಲ್ಲಿವರೆಗೂ ಟೀ ಕುಡಿಯೋಣ."

ಆನೆ ಟೀ ಲೋಟವನ್ನು ಹಾಗೇ ಕೆಳಗಿಟ್ಟ. ಶೆಡ್ಡಿನ ಹಿಂದೆ ಹೋಗಿ ಅಕ್ಕನಿಗೆ ಫೋನ್ ಮಾಡಿದ. "ಗ್ಲೌಸ್ ಮರೆತು ಹೋಗಿದ್ದ ಅಂತ ಹೇಳ್ಕೊಂಡು ಬೇಗ ಬಾ. ಹೇಗೆ ಮಾಡೋದು ಅಂತ ಕಿವೀಲಿ ಹೇಳಿ ಹೋಗು."

ಅಕ್ಕ ಹೊಲಿಗೆಯನ್ನು ಅಲ್ಲಿಗೇ ಬಿಟ್ಟು ಓಡಿಬಂದಳು. ಹಳೇ ಬಟ್ಟೆ, ತೋಳಿನ ತುಂಬ ಬಣ್ಣಬಣ್ಣದ ದಾರದ ತುಂಡು, ಕಾಲಲ್ಲಿ ಹವಾಯಿ ಚಪ್ಪಲಿ. ಅವಳು ಗೇಟು ದಾಟುವ ಹೊತ್ತಿಗೆ ಪಾಠ ಶುರುವಾಗಿಹೋಗಿತ್ತು. ಆನೆ ಆಕ್ಸಿಲರೇಟರನ್ನು ತಿರುವಿ ತಿರುವಿ ಕಿಕ್ಕರನ್ನು ಒದೆಯುತ್ತಿದ್ದ. ಬೈಕು ಕೆಮ್ಮುತ್ತಲೂ ಇರಲಿಲ್ಲ. ಪೆಟ್ರೋಲಿನ ವಾಸನೆ ಮೈದಾನಕ್ಕೆಲ್ಲ ಹರಡಿತ್ತು.

ಅಕ್ಕ ಗ್ಲೌಸ್ ಕೊಡುವ ನೆಪದಲ್ಲಿ ಬಗ್ಗಿ ಪಿಸುಗುಟ್ಟಿದಳು. "ಆಕ್ಸಿಲರೇಟರ್ ಮುಟ್ಟಬೇಡ್ವೋ. ಪೆಟ್ರೋಲ್ ತುಂಬ್ಕೊಂಡ್ಬಿಟ್ಟಿದೆ."

ಆನೆ ಕೇಳದವನಂತೆ ಇನ್ನೊಮ್ಮೆ ಜಾಡಿಸಿದ. ಕಿಕ್ಕರ್ ತಿರುಗಿ ಒದೆಯಿತು. ಅಷ್ಟು ದೊಡ್ಡ ದೇಹ ಬೈಕಿನ ಸಮೇತ ಮಣ್ಣಿಗೆ ಬಿತ್ತು. ಯಾರೋ ಕಿಸಕ್ಕನೆ ನಕ್ಕರು. ಅಕ್ಕ ಗಾಬರಿಯಾಗಿ ಅವನ ತೋಳು ಹಿಡಿದೆತ್ತಲು ಹೋದಳು.

ಕಲಿಯಲು ಬಂದವರಲ್ಲಿ ಒಬ್ಬರು ಹಲ್ಲಿನ ಡಾಕ್ಟರು, ಬಾಯಿ ಸುಮ್ಮನಿರದ ಹೆಂಗಸು. "ಯಾರು ಸಾರ್ ಇವರು? ನಿಮಗೇ ಪಾಠ ಹೇಳ್ತಿದ್ದಾರೆ!" ಎಂದರು.

ಮತ್ತೆ ನಗು. ಆನೆಗೆ ಮೈಯೆಲ್ಲ ಉರಿಯಿತು. ತೋಳು ಕೊಡವಿಕೊಂಡು ತಾನೇ ಎದ್ದು, ಬೈಕನ್ನು ಎತ್ತಿ ನಿಲ್ಲಿಸಿದ.

"ಮನೆ ಕೆಲಸದೋರು. ಗ್ಲೌಸ್ ಕೊಡೋಕೆ ಬಂದಿದ್ದಾರೆ."

ಮಾತು ಬಾಯಿಂದ ಬಿದ್ದ ಮೇಲೆ ನುಂಗಲು ಆಗುತ್ತದೆಯೇ? ಅಕ್ಕನ ಕೈ ಗಾಳಿಯಲ್ಲೇ ನಿಂತಿತು. ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಮಾಲೀಕರ ಕಡೆ ತಿರುಗಿದಳು.

"ಹೌದು ಸಾರ್. ಇವರ ಮನೇಲಿ ಕೆಲಸ ಮಾಡ್ತೀನಿ. ಈ ಬೈಕ್ ಸ್ಟಾರ್ಟ್ ಮಾಡೋದು ನಂಗೂ ಕಲಿಸಿದ್ದಾರೆ. ಹೇಗೆ ಮಾಡಬಾರದು ಅಂತ ಇಷ್ಟೊತ್ತು ತೋರಿಸಿದ್ರು. ಹೇಗೆ ಮಾಡಬೇಕು ಅಂತ ನಾನು ತೋರಿಸ್ಲಾ?"

ಮಾಲೀಕರು ಹುಬ್ಬೇರಿಸಿ ತಲೆಯಾಡಿಸಿದರು.

ಅಕ್ಕ ಚಪ್ಪಲಿ ಬಿಟ್ಟು, ಶೆಡ್ಡಿನ ಬಾಗಿಲಲ್ಲಿದ್ದ ಯಾರದೋ ಹಳೇ ಬೂಟಿಗೆ ಕಾಲು ತೂರಿಸಿದಳು. ಅಂದು ಮೊದಲ ಸಲ ಆನೆ ಬೆನ್ನು ತಿರುಗಿಸದೆ ಅವಳ ಕಾಲನ್ನೇ ನೋಡುತ್ತ ನಿಂತ. ಅವಳು ಚೋಕ್ ಆಫ್ ಮಾಡಿ, ಆಕ್ಸಿಲರೇಟರ್ ಪೂರ್ತಿ ತೆರೆದು, ಹ್ಯಾಂಡಲ್ ಪಕ್ಕದ, ಇಂಜಿನ್ನಿನ ಒತ್ತಡ ಇಳಿಸುವ ಪುಟ್ಟ ಲಿವರ್ ಹಿಡಿದು ಹಗುರಾಗಿ ಕೆಲವು ಸಲ ತುಳಿದಳು. ಒಳಗೆ ತುಂಬಿದ್ದ ಪೆಟ್ರೋಲ್ ಹೊರಗೆ ಹೋಯಿತು. ಆಮೇಲೆ ಆಕ್ಸಿಲರೇಟರಿನಿಂದ ಕೈ ತೆಗೆದಳು. ಕಿಕ್ಕರನ್ನು ನಿಧಾನವಾಗಿ ಒತ್ತುತ್ತಾ, ಅದು ಗಟ್ಟಿಯಾಗಿ ತಡೆದ ಜಾಗದಲ್ಲಿ ನಿಂತು, ಲಿವರ್ ಹಿಡಿದು ಅಲ್ಲಿಂದ ಒಂದು ಚೂರು ದಾಟಿಸಿದಳು. ಲಿವರ್ ಬಿಟ್ಟು, ಕಿಕ್ಕರನ್ನು ಮೇಲಕ್ಕೆ ಬರಗೊಟ್ಟು, ಇಡೀ ಮೈಭಾರ ಹಾಕಿ ಕೊನೆಯವರೆಗೂ ತುಳಿದಳು.

ಬೈಕು ಗುಡುಗಿತು. ಡಾಕ್ಟರು ಚಪ್ಪಾಳೆ ತಟ್ಟಿದರು.

"ಮನೆ ಕೆಲಸದೋರಿಗೇ ಇಷ್ಟು ಚೆನ್ನಾಗಿ ಕಲಿಸಿದ್ದೀರಿ ಅಂದ್ಮೇಲೆ ಇನ್ನೇನು ನೋಡೋದು? ಕೆಲಸ ನಿಮ್ಮದೇ" ಎಂದು ಮಾಲೀಕರು ಆನೆಯ ಕೈ ಕುಲುಕಿದರು.

ಅಕ್ಕ ಬೂಟು ಬಿಚ್ಚಿಟ್ಟು, ಚಪ್ಪಲಿ ಮೆಟ್ಟಿಕೊಂಡು ಗೇಟಿನ ಕಡೆ ನಡೆದಿದ್ದಳು. ಆನೆ ಓಡಿ ಬಸ್ ಸ್ಟಾಪಿನಲ್ಲಿ ಅವಳನ್ನು ಹಿಡಿದ.

"ಅಕ್ಕಾ, ಒಳಗೆ ಬಾ. ಎಲ್ಲರ ಮುಂದೆ ನಿಜ ಹೇಳ್ಬಿಡ್ತೀನಿ."

"ಆಗ ನಾನು ಹೇಳಿದ್ದೇನಾಗುತ್ತೆ? ನಿನ್ನ ಮರ್ಯಾದೆ ಉಳೀಲಿ ಅಂತ ಅಷ್ಟು ಜನರ ಎದುರು ಸುಳ್ಳು ಹೇಳಿದೀನಿ. ಈಗ ನೀನು ಹೋಗಿ ಸತ್ಯವಂತ ಆಗು, ನಾನು ಸುಳ್ಳುಗಾರ್ತಿ ಆಗ್ತೀನಿ. ಬೇಡ."

"ತಪ್ಪಾಯ್ತಕ್ಕ."

ಅವಳು ತೋಳಿನ ದಾರದ ತುಂಡುಗಳನ್ನು ಒಂದೊಂದಾಗಿ ಕಿತ್ತಳು. ಅವಳ ಕಣ್ಣು ತುಂಬಿತ್ತು. "ಅಕ್ಕ ಅನ್ನೋಕೆ ಅಷ್ಟು ನಾಚಿಕೆ ಆಗೋದಾದ್ರೆ ಫೋನ್ ಯಾಕೆ ಮಾಡ್ದೆ?"

ಬಸ್ಸು ಬಂತು. ಅವಳು ಹತ್ತಿ, ಆಚೆ ಬದಿಯ ಕಿಟಕಿಯ ಹತ್ತಿರ ಕೂತಳು.

ಆನೆ ಮರಳಿ ಬಂದಾಗ ಬೈಕು ಆಫ್ ಆಗಿ ಬಹಳ ಹೊತ್ತಾಗಿ, ಮತ್ತೆ ತಣ್ಣಗಾಗಿತ್ತು. ಕಲಿಯುವವರೆಲ್ಲ ಅವನನ್ನೇ ಕಾಯುತ್ತಿದ್ದರು. ಅವನು ಅಕ್ಕ ಮಾಡಿದ ಹಾಗೇ, ಅದೇ ಕ್ರಮದಲ್ಲಿ ಮಾಡಿದ. ಒಂದೇ ತುಳಿತಕ್ಕೆ ಬೈಕು ಸ್ಟಾರ್ಟ್ ಆಯಿತು. ಇಷ್ಟು ಸುಲಭವಾಗಿತ್ತಲ್ಲ ಎನಿಸಿ ಅವನಿಗೆ ಸಂಕಟವಾಯಿತು, ತಲೆ ಎತ್ತಲಾಗಲಿಲ್ಲ.

"ಸೂಪರ್ ಸಾರ್! ನಿಮಗೆ ಇದನ್ನೆಲ್ಲ ಯಾರು ಕಲಿಸಿದ್ದು?" ಎಂದು ಡಾಕ್ಟರು ಕೇಳಿದರು.

"ನಮ್ಮಕ್ಕ" ಎಂದ ಆನೆ.

"ಹೌದಾ! ಹಾಗಾದ್ರೆ ಒಂದಿನ ಅವರನ್ನ ಇಲ್ಲಿಗೆ ಕರ್ಕೊಂಡು ಬನ್ನಿ ಸಾರ್. ನಾವೂ ನೋಡ್ಬೇಕು."