ತೆಳು ಸಾರು

"ಇದೇನು ಸಾರಾ, ಪಾತ್ರೆ ತೊಳೆದ ನೀರಾ?" ಜಿನ್‌ಪಾಚಿ ಬಟ್ಟಲನ್ನು ಮುಂದಕ್ಕೆ ತಳ್ಳಿದ.

"ನಿನ್ನೆ ದಾದಿ ಹೇಳಿದ್ದು ಮರೆತ್ರಾ? ಬಿಪಿ ನೂರಾ ತೊಂಬತ್ತು," ಎಂದಳು ಹೆಂಡತಿ ಸುಯೆ. "ಸಾರಿಗೆ ಹಾಕೋ ಸೋಯಾ ಮಿಸೊದಲ್ಲಿ ಬರೀ ಉಪ್ಪೇ, ಅರ್ಧಕ್ಕರ್ಧ ಕಮ್ಮಿ ಮಾಡಿ ಅಂದ್ರು."

"ತಲೆನೋವಿಲ್ಲ, ಸುಸ್ತಿಲ್ಲ. ನಂಗೇನಾಗಿದೆ? ಉಪ್ಪು ಬಿಟ್ಟು ಒಂದಿನ ಕಾಡಲ್ಲಿ ಗರಗಸ ಎಳಿ ಅನ್ನು ಆ ಹುಡುಗಿಗೆ."

"ನೋವೇ ಇರಲ್ವಂತೆ. ಅದಕ್ಕೇ ಅಳೆದು ನೋಡೋದು."

ಹಿಮ ಕಿಟಕಿಯ ಅರ್ಧಕ್ಕೇರಿತ್ತು. ಒಳಗಿನ ಬೆಳಕು ಕೆರೆಯ ತಳದಲ್ಲಿನಂತೆ ನೀಲಿ. ಜಿನ್‌ಪಾಚಿಯ ತಾಯಿ ಇಸೊ ಒಲೆಯ ಪಕ್ಕದಲ್ಲಿ ಅರೆನಿದ್ದೆಯಲ್ಲಿ ಕೂತಿದ್ದಳು. ಈ ಮನೆಯ ಸಾರು ಇಷ್ಟು ವರ್ಷ ಅವಳದೇ. ಮದುವೆಯಿರಲಿ, ಸಾವಿರಲಿ, ಊರವರು ಅವಳನ್ನೇ ಕರೆದು ಸಾರು ಮಾಡಿಸುತ್ತಿದ್ದರು. ಇವತ್ತು ಅವಳು ಏಳುವ ಮೊದಲೇ ಸೊಸೆ ಒಲೆ ಹಚ್ಚಿಬಿಟ್ಟಿದ್ದಳು. ಒಂದು ಮಾತು ಅನ್ನಬೇಕೆಂದು ಇಸೊ ಬಾಯಿ ತೆರೆದಳು.

ಅಷ್ಟರಲ್ಲಿ ಜಿನ್‌ಪಾಚಿ ಉಪ್ಪಿನ ಮೂಲಂಗಿಯ ಮೇಲೆ ಸೋಯಾ ಸಾಸ್ ಸುರಿದುಕೊಂಡ. ರುಚಿ ನೋಡದೆಯೇ, ಬೆರಳನ್ನು ಸೀಸೆಯ ಕೊರಳಿಗೆ ಅಪ್ಪನ ಹಾಗೇ ಒತ್ತಿ. ಹಬೆಯಾಚೆ ಕೂತವನು ಮಗನೋ ಗಂಡನೋ ಇಸೊಗೆ ತಿಳಿಯದಾಯಿತು. ಗಂಡನೂ ಇಂಥದೇ ಒಂದು ಬೆಳಿಗ್ಗೆ ಅವಳ ಕೈಯ ಮೂರು ಬಟ್ಟಲು ಸಾರು ಕುಡಿದು, ಹೊಗಳಿ, ಬೆಚ್ಚಗಿನ ಒಲೆಯಿಂದೆದ್ದು ಹೊರಗೆ ಹೋಗಿದ್ದ. ಅಂಗಳ ದಾಟಲಿಲ್ಲ. ಚಳಿಗೆ ಬಿದ್ದು ಸತ್ತ ಎಂದರು ಜನ. ಅವಳೂ ಹಾಗೇ ನಂಬಿದ್ದಳು. ಉಪ್ಪಿಗೆ ರಕ್ತದ ಒತ್ತಡ ಏರುತ್ತದೆ, ಚಳಿ ಅದನ್ನು ಇನ್ನೂ ಏರಿಸುತ್ತದೆ, ಮಿದುಳಿನ ನಾಳ ಒಡೆಯುತ್ತದೆ ಎಂದು ನಿನ್ನೆ ದಾದಿ ಹೇಳುವವರೆಗೆ.

"ಅಮ್ಮಾ, ನಾಳೆಯಿಂದ ನೀನೇ ಮಾಡು. ಇವಳ ಕೈಗೆ ಸಿಕ್ಕಿ ಸೊರಗಿ ಹೋಗ್ತೀನಿ."

"ಇವತ್ತಿಂದೂ ನಾನೇ ಮಾಡಿದ್ದು," ಎಂದಳು ಇಸೊ.

ಸುಯೆ ತಲೆಯೆತ್ತಿದಳು.

"ನೀನಾ? ಸಪ್ಪೆಯಾಗಿದೆಯಲ್ಲಮ್ಮ!"

"ನಿನ್ನ ನಾಲಿಗೆ ಸತ್ತಿದೆ ಕಣೋ. ಐವತ್ತು ವರ್ಷದಿಂದ ಸಾರು ಮಾಡ್ತಿರೋಳಿಗೆ ಹೇಳಿಕೊಡೋಕೆ ಬಂದ. ನಾಳೇನೂ ಹೀಗೇ ಮಾಡೋದು. ಕುಡಿ, ಆರುತ್ತೆ."

ಜಿನ್‌ಪಾಚಿ ನಕ್ಕ. ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು ಸೊರ್ರನೆ ಹೀರಿದ. "ವಯಸ್ಸಾಯ್ತಮ್ಮ ನಿಂಗೆ," ಎನ್ನುತ್ತಲೇ ಇನ್ನೊಂದು ಗುಟುಕು ಕುಡಿದ.

ಸುಯೆ ಅತ್ತೆಗೂ ಒಂದು ಬಟ್ಟಲು ಬಡಿಸಿದಳು. ಇಸೊ ಅದನ್ನು ಎರಡೂ ಕೈಯಲ್ಲಿ ಹಿಡಿದು ತುಟಿಗಿಟ್ಟಳು. ಅವಳ ಬಾಯಿಗೆ ಅದು ಬರೀ ಬಿಸಿ, ಬೇರೇನೂ ಅಲ್ಲ. ತಳ ಕಾಣುವವರೆಗೂ ಕುಡಿದಳು.