ಮುಂದಾಳಿಗೆ ಮೊದಲ ನೀರು

ಪಾರಿಶ್ವಾಡದ ಕರೆಪ್ಪ ಕುರಿ ಹೊಡೆದುಕೊಂಡು ದೇಸೂರಿನ ಹತ್ತಿರ ಬಂದು ನಿಂತಾಗ ಬಿಸಿಲು ಇನ್ನೂ ಏರಿರಲಿಲ್ಲ, ಅವನ ಸಿಟ್ಟು ಮಾತ್ರ ನೆತ್ತಿಗೇರಿತ್ತು. ಎದುರಿಗೆ ಗೋವಾಕ್ಕೆ ಹೋಗುವ ಹೊಸ ರಸ್ತೆ. ಅದರಾಚೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಸುಹಾಸಿನಿಬಾಯಿಯ ಹೊಲ. ನಡುವೆ ಕಬ್ಬಿಣದ ಪಟ್ಟಿ, ಸಿಮೆಂಟಿನ ಗೋಡೆ, ಮತ್ತೆ ಕಬ್ಬಿಣದ ಪಟ್ಟಿ, ಜೊತೆಗೆ ಯಾರಪ್ಪನ ಮಾತೂ ಕೇಳದೆ ಓಡುವ ಲಾರಿಗಳು.

ಮಳೆಗೆ ಮುಂಚೆ ಆ ಹೊಲದಲ್ಲಿ ಇವರ ಕುರಿ ನಿಲ್ಲುವುದು ಕರೆಪ್ಪನ ಅಜ್ಜನ ಕಾಲದಿಂದ ಬಂದ ವಾಡಿಕೆ. ರಾತ್ರಿಯೆಲ್ಲ ಕುರಿ ಮಲಗಿದ ನೆಲಕ್ಕೆ ಬೇರೆ ಗೊಬ್ಬರ ಬೇಕಿಲ್ಲ. ಹಿಂಡು ಬದುವಿಗೆ ಬಂದ ಕೂಡಲೇ ಮನೆಯ ಹೆಣ್ಣುಮಗಳು ಚರಿಗೆ ಹಿಡಿದು ಬಂದು, ಮುಂದೆ ನಡೆದು ಬಂದ ಟಗರಿನ ಕಾಲಿಗೆ ನೀರು ಹಾಕಿ, ಹಣೆಗೆ ಕುಂಕುಮ ಹಚ್ಚಬೇಕು. ಮೊದಲ ನೀರು ಮುಂದಾಳಿಗೆ, ಕುರುಬನ ಕಾಲಿಗೆ ಆಮೇಲೆ. ಸುಹಾಸಿನಿಬಾಯಿ ಈಗ ಪೇಟೆಯ ಹಿಂದವಾಡಿಯಲ್ಲಿ ಮಗ ಅವಧೂತನ ಮನೆಯಲ್ಲಿರುತ್ತಾಳೆ. ಅವಳ ಮಾತು ಮನೆಯಲ್ಲಿ ಮರಾಠಿ, ಹೊಲದಲ್ಲಿ ಕನ್ನಡ. ಪೇಟೆ ಸೇರಿದ್ದರೂ ಕುರಿ ಬರುವ ದಿನ ರಿಕ್ಷಾ ಮಾಡಿಕೊಂಡು ಹೊಲಕ್ಕೆ ಬರುವುದನ್ನು ತಪ್ಪಿಸಿದವಳಲ್ಲ.

ಮೊದಲು ಆ ಬದಿಯಲ್ಲಿ ಇಂಥ ಹೊಲಗಳು ಬೇಕಾದಷ್ಟಿದ್ದವು. ರಸ್ತೆ ಅಗಲವಾದದ್ದೇ ತಡ, ಒಂದರಲ್ಲಿ ಧಾಬಾ ಎದ್ದಿತು, ಇನ್ನೊಂದರಲ್ಲಿ ಪ್ಲಾಟಿನ ಕಲ್ಲು ನೆಟ್ಟರು, ಮತ್ತೊಂದು ಟೈರಿನ ಅಂಗಡಿಯಾಯಿತು. ಕುರಿ ಕರೆಯುವ ಹೊಲ ಅಂತ ಉಳಿದದ್ದು ಇದೊಂದೇ. ಈ ಸಲ ಅಲ್ಲಿಗೆ ದಾಟಲು ಆಗದಿದ್ದರೆ ಹಿಂಡನ್ನೇ ಮಾರಿಬಿಡುತ್ತೇನೆ ಎಂದು ಕರೆಪ್ಪ ಮನೆಯಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟಿದ್ದ. ಹೇಳಿದ ಮೇಲೆ ಸಂಕಟವಾಗಿ ಸರಿಯಾಗಿ ಉಂಡಿರಲೂ ಇಲ್ಲ. ಆದರೆ ಆಡಿದ ಮಾತು ಹಿಂದೆ ತೆಗೆದುಕೊಳ್ಳುವ ಜಾಯಮಾನ ಅವನದಲ್ಲ.

ಹಾಗಂತ ರಸ್ತೆಯನ್ನು ಪೂರಾ ಬೈಯುವಂತೆಯೂ ಇರಲಿಲ್ಲ. ಮಗ ಬೀರೇಶ ಅದೇ ರಸ್ತೆಯ ಮೇಲೆ ತನ್ನ ಪಿಕಪ್ ಗಾಡಿಯಲ್ಲಿ ಗೋವಾಕ್ಕೆ ಕಾಯಿಪಲ್ಲೆ ಒಯ್ಯುತ್ತಿದ್ದ. ಮೊದಲಾದರೆ ಘಾಟಿನಲ್ಲಿ ಸಿಕ್ಕಿಬಿದ್ದು ಕೊತಂಬರಿಯೂ ಬಾಡಿ, ಇವನೂ ಬಾಡಿ, ಮರುದಿನ ಮನೆ ಸೇರುತ್ತಿದ್ದ. ಈಗ ಸಂಜೆ ರೊಟ್ಟಿಯ ಹೊತ್ತಿಗೆ ಹಾಜರು. ಅವನ ತಾಯಿ ಸಾವಂತ್ರವ್ವ ರಸ್ತೆಗೆ ಊದಿನಕಡ್ಡಿ ಹಚ್ಚುವುದೊಂದು ಬಾಕಿ ಇತ್ತು.

ದಾಟಲು ದಾರಿಯೇನೋ ಮಾಡಿದ್ದರು, ರಸ್ತೆಯ ಅಡಿಯಲ್ಲಿ ಒಂದು ಬೋಗದಾ. ಒಳಗೆ ಕತ್ತಲು, ನೆಲದಲ್ಲಿ ನಿಂತ ನೀರು, ತಲೆಯ ಮೇಲೆ ಲಾರಿಗಳ ಗುಡುಗು. ಮುಂದಾಳು ಟಗರು ಕರ್ಯಾ ಅದರ ಬಾಯಿಯ ತನಕ ಬಂತು, ಮೂಸಿತು, ತಿರುಗಿ ನಿಂತಿತು. ಅದು ತಿರುಗಿದರೆ ಹಿಂಡೇ ತಿರುಗಿದ ಹಾಗೆ. ಕರೆಪ್ಪ ಹುರ್ರ್ ಎಂದ, ಪುಸಲಾಯಿಸಿದ, ಬೈದ, ಕೊನೆಗೆ ಕೊಂಬು ಹಿಡಿದು ಎಳೆಯಲು ಹೋಗಿ ಕೆಸರುನೀರಿನಲ್ಲಿ ಕುಕ್ಕರಿಸಿದ. ಟಗರು ಅವನ ಕಡೆ ನೋಡಲೂ ಇಲ್ಲ.

ಅಷ್ಟರಲ್ಲಿ ಬೀರೇಶ ಗಾಡಿ ತಂದು ನಿಲ್ಲಿಸಿದ. ಬುತ್ತಿ ಹಿಡಿದುಕೊಂಡು ಸಾವಂತ್ರವ್ವನೂ ಇಳಿದಳು.

"ಯಪ್ಪಾ, ಯಾಕ ಇಷ್ಟ ಒದ್ದಾಡ್ತಿ? ಗಾಡ್ಯಾಗ ಹಾಕು. ನಾಕೈದ ಖೇಪಿನಾಗ ಎಲ್ಲಾನೂ ಆ ಬಾಜು ಇಳಸ್ತೀನಿ" ಎಂದ ಬೀರೇಶ.

"ಬಾಯಿ ಮುಚ್ಚು. ನನ್ನ ಕುರಿ ಗಾಡಿ ಹತ್ತಂಗಿಲ್ಲ."

ಕರೆಪ್ಪನಂಥವರ ಪಾಲಿಗೆ ಕುರಿ ನಡೆಯುವ ಜೀವ. ಅದು ಗಾಡಿ ಹತ್ತುವುದು ಕಟುಕನ ಕಡೆ ಹೊರಟಾಗ ಮಾತ್ರ. ಮಗಳು ಪೂನಮಳ ಮದುವೆಯ ವರ್ಷ ಅವನೂ ಒಂದಷ್ಟು ಕುರಿಗಳನ್ನು ಗೋವಾದ ಲಾರಿಗೆ ಹತ್ತಿಸಿದ್ದ. ಹಲಗೆಯ ಸಂದಿಯಿಂದ ಮೂತಿ ಹೊರಗೆ ಹಾಕಿ, ಅವನನ್ನೇ ನೋಡುತ್ತ ಅವು ಕೂಗಿದ್ದವು. ಆ ಕೂಗು ಕಿವಿಯಿಂದ ಇನ್ನೂ ಹೋಗಿಲ್ಲ. ಗಾಡಿ ಹತ್ತಿದ ಕುರಿ ಮತ್ತೆ ಇಳಿದದ್ದನ್ನು ಅವನು ಜನ್ಮದಲ್ಲಿ ಕಂಡವನಲ್ಲ.

"ಮಾರತೀನಿ ಅಂದ್ಯಲ್ಲ, ಮತ್ತ ಮಾರಿದ್ರ ಹತ್ತಂಗಿಲ್ಲೇನು?" ಎಂದ ಬೀರೇಶ ಮೆಲ್ಲಗೆ.

ಕರೆಪ್ಪ ಒದ್ದೆ ಧೋತರ ಹಿಂಡುವ ನೆಪದಲ್ಲಿ ಆ ಕಡೆ ತಿರುಗಿದ. ಕಣ್ಣು ತುಂಬಿದ್ದು ಮಗನಿಗೆ ಕಾಣುವುದು ಅವನಿಗೆ ಬೇಡವಾಗಿತ್ತು.

ಸಾವಂತ್ರವ್ವ ಬುತ್ತಿ ಕೆಳಗಿಟ್ಟಳು. "ಎಲ್ಲಾ ಬ್ಯಾಡ, ಮರಿ ಅಷ್ಟ ಹಾಕೂಣು. ಮುಂದ ಮರಿ ಒದರಿದ್ರ ಹಿಂದ ತಾಯಿ ಕತ್ತಲಾ ನೋಡತಾವೇನು, ನೀರ ನೋಡತಾವೇನು? ಬೀರ್ಯಾ ಲೈಟ್ ಹಾಕ್ಕೊಂಡ ಸಾವಕಾಶ ಹೊಡೀಲಿ."

"ಹತ್ತಿದ್ದು ಇಳಿಯಂಗಿಲ್ಲ, ಸಾವಂತ್ರಿ."

"ಅವುಗಳ ಜೋಡಿ ನಾನೂ ಹತ್ತತೀನ್ರಿ. ನಾ ಇಳದ್ರ ಅವೂ ಇಳೀತಾವು. ನಾ ಇಳೀಲಿಲ್ಲಂದ್ರ ನಿಮಗ ಎರಡೂ ಪೀಡಾ ತಪ್ಪಿದ್ವು!"

ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಕರೆಪ್ಪನ ಸಂಸಾರದಲ್ಲಿ ಅದಕ್ಕೆ ಒಪ್ಪಿಗೆ ಎಂದೇ ಅರ್ಥ. ಮರಿಗಳನ್ನು ಒಂದೊಂದಾಗಿ ಅವನೇ ಎತ್ತಿ ಕೊಟ್ಟ. ಸಾವಂತ್ರವ್ವ ಸೀರೆ ಸಿಗಿಸಿಕೊಂಡು ಹತ್ತಿ, ಕೋಸುಗಡ್ಡೆಯ ವಾಸನೆ ಬರುವ ಆ ಗಾಡಿಯಲ್ಲಿ ಮರಿಗಳ ನಡುವೆ ಕುಳಿತಳು. ಬೀರೇಶ ಹಿಂದಿನ ಬಾಗಿಲು ಹಾಕಿದ ಸಪ್ಪಳಕ್ಕೆ ಕರೆಪ್ಪ ಬೆಚ್ಚಿದ.

ಗಾಡಿ ಬೋಗದಾದ ಒಳಗೆ ನುಗ್ಗಿತು. ಮರಿಗಳು ಒಮ್ಮೆಲೇ ಒದರಿದವು. ಹೊರಗೆ ತಾಯಿಕುರಿಗಳು ಕಿವಿ ನಿಮಿರಿಸಿದವು. ಒಂದು ಕುರಿ ನೀರಿಗೆ ಕಾಲಿಟ್ಟಿತು, ಅದರ ಹಿಂದೆ ಇನ್ನೊಂದು, ಆಮೇಲೆ ಕರೆಪ್ಪನಿಗೆ ಕಂಡದ್ದು ಬರೀ ಬೆನ್ನುಗಳು. ಕರ್ಯಾ ಮಾತ್ರ ಸ್ವಲ್ಪ ಹೊತ್ತು ಗತ್ತಿನಿಂದ ನಿಂತು, ತಾನೊಂದೇ ಉಳಿದೆನೆಂದು ಗೊತ್ತಾದ ಕೂಡಲೇ ಗತ್ತು ಬಿಟ್ಟು ಓಡಿತು.

ಕಡೆಗೆ ಕರೆಪ್ಪ. ಆಚೆ ತುದಿಯ ಬೆಳಕಿನಲ್ಲಿ ಗಾಡಿ ಮೇಲೇರುವುದು ಕಂಡಿತು. ಅದು ನಿಲ್ಲಲಿಲ್ಲ. ಎಡಕ್ಕೆ ಹೊರಳಿದರೆ ಹೊಲ, ಬಲಕ್ಕೆ ಹೊರಳಿದರೆ ಗೋವಾ. ಮಗ ಎಂಥವನೆಂದು ಗೊತ್ತಿದ್ದೂ, ಒಳಗೆ ಹೆಂಡತಿಯೇ ಕುಳಿತಿದ್ದಾಳೆಂದು ಗೊತ್ತಿದ್ದೂ, ಅವನು ನೀರು ಸಿಡಿಸುತ್ತ ಓಡಿದ.

ಹೊರಗೆ ಬಂದಾಗ ಗಾಡಿ ಸುಹಾಸಿನಿಬಾಯಿಯ ಬದುವಿನ ಪಕ್ಕದಲ್ಲಿ ನಿಂತಿತ್ತು. ಹಿಂದಿನ ಬಾಗಿಲು ತೆರೆದಿತ್ತು. ಮೊದಲು ಸಾವಂತ್ರವ್ವ ಇಳಿದಳು. ಅವಳ ಹಿಂದೆ ಮರಿಗಳು, ಕೆಲವು ಬೀರೇಶನ ಕೈಯಿಂದ, ಕೆಲವು ತಾಳ್ಮೆಯಿಲ್ಲದೆ ತಾವೇ ಜಿಗಿದು, ನೆಟ್ಟಗೆ ತಾಯಂದಿರ ಕೆಚ್ಚಲಿಗೆ. ಕರೆಪ್ಪ ಏದುಸಿರು ಬಿಡುತ್ತ ಕಡೆಯ ಮರಿ ಇಳಿಯುವ ತನಕ ನೋಡಿದ.

ಸುಹಾಸಿನಿಬಾಯಿ ಚರಿಗೆ, ಕುಂಕುಮ ಹಿಡಿದು ಬಂದಳು. "ಯಾಕ ಕರೆಪ್ಪಾ, ಭಾಳ ಹೊತ್ತ ಮಾಡಿದಿ? ಈ ಸಲ ಬರತಿಯೋ ಇಲ್ಲೋ ಅಂತ ಜೀವ ಹಾರಿತ್ತು ನೋಡು." ಎಂದಿನಂತೆ ಕರ್ಯಾನ ಕಾಲಿಗೆ ಬಗ್ಗಿದಳು.

"ತಡೀರಿ ಬಾಯಾರ" ಎಂದ ಕರೆಪ್ಪ. "ಈ ಸಲ ಹಿಂಡಿನ ಮುಂದ ಬಂದಾಂವ ಅವ ಅಲ್ಲರಿ." ಕೆಸರು ಮೆತ್ತಿದ ಪಿಕಪ್ಪಿನ ಕಡೆ ಕೈ ತೋರಿಸಿದ.

ಸುಹಾಸಿನಿಬಾಯಿ ನಗಲಿಲ್ಲ. ಗಾಡಿಯ ಮುಂದಿನ ಗಾಲಿಗೆ ನೀರು ಹಾಕಿದಳು. ಕುಂಕುಮದ ಬೆರಳನ್ನು ಬೀರೇಶನ ಹಣೆಯ ಕಡೆ ಚಾಚಿದಾಗ ಅವನು ನಾಚಿಕೊಂಡು ತಲೆ ಬಗ್ಗಿಸಿದ. ಕರೆಪ್ಪ ಬಳಿಗೆ ಬಂದು ಮಗನ ಹೆಗಲ ಮೇಲೆ ಒದ್ದೆ ಕೈ ಇಟ್ಟ.

"ಇಳಿಸಿದಿ ನೋಡಪಾ" ಎಂದ.